ಓಡುತ್ತಿರುವ ಸಿಸ್‌ರೆಸ್ ಮುಟ್ಟದೆ ಝಡ್/ಓಎಸ್ 3.1 ಹಾಕಿದ ಬಗೆ

ಐಬಿಎಂ ಮೇನ್‌ಫ್ರೇಮಿನ ಆಪರೇಟಿಂಗ್ ಸಿಸ್ಟಮ್ ಆದ ಝಡ್/ಓಎಸ್ 2.5ರಲ್ಲಿ ಓಡುತ್ತಿದ್ದ ನಾಲ್ಕು ಎಲ್‌ಪಾರ್‌ಗಳ (ಯಂತ್ರದ ಸ್ವತಂತ್ರ ಪಾಲುಗಳು) ಸಿಸ್‌ಪ್ಲೆಕ್ಸ್ (ಒಟ್ಟಾಗಿ ಕೆಲಸ ಮಾಡುವ ಸಿಸ್ಟಮ್‌ಗಳ ಗುಂಪು) ಒಂದನ್ನು 3.1ಕ್ಕೆ ತಂದ ಕ್ರಮ ಇದು. ಸಿಸ್‌ರೆಸ್ ಎಂದರೆ ಸಿಸ್ಟಮ್ ಬೂಟ್ ಆಗುವ ಡಿಸ್ಕ್ ವಾಲ್ಯೂಮ್. ಷರತ್ತುಗಳು ಎರಡೇ ಇದ್ದವು. ಆನ್‌ಲೈನ್ ಕೆಲಸ ಪೂರ್ತಿ ನಿಲ್ಲುವಂತಿಲ್ಲ. ಎಲ್ಲಿ ಕೈಕೊಟ್ಟರೂ ಒಂದೇ ಐಪಿಎಲ್‌ನಲ್ಲಿ (ಸಿಸ್ಟಮ್ ಬೂಟ್) ಹಳೆಯದಕ್ಕೆ ಮರಳುವಂತಿರಬೇಕು. ಕೆಳಗಿನ ಬಹುಪಾಲು ಹೆಜ್ಜೆಗಳಿಗೆ ಕಾರಣ ಎರಡನೆಯ ಷರತ್ತು.

ಆರ್ಡರ್ ಹಾಕುವ ಮೊದಲೇ ಮೂರು ಸಂಗತಿ ನೋಡಿಕೊಳ್ಳಬೇಕು. 3.1ಕ್ಕೆ ಕನಿಷ್ಠ ಝಡ್14 ಯಂತ್ರ ಬೇಕು. ಜಾಬ್‌ಗಳನ್ನು ನಿರ್ವಹಿಸುವ ಜೆಇಎಸ್3 ಇರುವ ಕೊನೆಯ ಬಿಡುಗಡೆ 2.5, ಹಾಗಾಗಿ ಅದನ್ನು ಬಳಸುವವರು ಮೊದಲು ಜೆಇಎಸ್2ಕ್ಕೆ ಬಂದಿರಬೇಕು. ಇನ್ನು 3.1 ಬರುವುದು ಝಡ್/ಓಎಸ್‌ಎಂಎಫ್ (ಬ್ರೌಸರ್‌ನಲ್ಲಿ ಬಳಸುವ ನಿರ್ವಹಣಾ ಸಾಧನ) ಮೂಲಕ ಇಳಿಸುವ ಪೋರ್ಟಬಲ್ ಸಾಫ್ಟ್‌ವೇರ್ ಇನ್‌ಸ್ಟೆನ್ಸ್ (ಸಾಗಿಸಬಹುದಾದ ಸಾಫ್ಟ್‌ವೇರ್ ಪ್ರತಿ) ರೂಪದಲ್ಲಿ. ಹಳೆಯ ಕಸ್ಟಮ್‌ಪ್ಯಾಕ್ ಡೈಲಾಗ್ ಈಗಿಲ್ಲ. ಡ್ರೈವಿಂಗ್ ಸಿಸ್ಟಮ್‌ನಲ್ಲಿ (ಹೊಸದನ್ನು ಹಾಕುವ ಕೆಲಸ ನಡೆಸುವ ಸಿಸ್ಟಮ್) ಝಡ್/ಓಎಸ್‌ಎಂಎಫ್ ಇಲ್ಲದಿದ್ದರೆ ಅದನ್ನು ಸ್ಥಾಪಿಸುವುದೇ ಮೊದಲ ಕೆಲಸ. ಸರ್ಟಿಫಿಕೇಟು, ರಾಕ್‌ಎಫ್ (ಭದ್ರತಾ ಸಾಫ್ಟ್‌ವೇರ್) ಅನುಮತಿ ಸೇರಿ ಅದಕ್ಕೇ ಸಾಕಷ್ಟು ದಿನ ಹಿಡಿಯುತ್ತದೆ.

ಆಮೇಲೆ ಕೋಎಕ್ಸಿಸ್ಟೆನ್ಸ್, ಅಂದರೆ ಹಳೆಯ, ಹೊಸ ಬಿಡುಗಡೆಗಳು ಒಟ್ಟಿಗೆ ಓಡುವುದು. 3.1ರ ಜೊತೆ ಒಂದೇ ಸಿಸ್‌ಪ್ಲೆಕ್ಸ್‌ನಲ್ಲಿ 2.5, 2.4 ಎರಡೂ ಇರಬಹುದು. ಆದರೆ ಹಳೆಯ ಸಿಸ್ಟಮ್‌ಗಳಲ್ಲಿ ಕೋಎಕ್ಸಿಸ್ಟೆನ್ಸ್ ಪಿಟಿಎಫ್‌ಗಳು (ತಿದ್ದುಪಡಿ ಪ್ಯಾಕೇಜುಗಳು) ಮೊದಲೇ ಕುಳಿತಿರಬೇಕು. ತಿದ್ದುಪಡಿ ಹಾಕುವ ಸಾಧನವಾದ ಎಸ್‌ಎಂಪಿ/ಇಯಲ್ಲಿ ಹೊಸ ಹೋಲ್ಡ್‌ಡೇಟಾ (ಪಿಟಿಎಫ್‌ಗಳ ಬಗ್ಗೆ ಎಚ್ಚರಿಕೆಗಳು) ರಿಸೀವ್ ಮಾಡಿ, 2.5ರ ಟಾರ್ಗೆಟ್ ಝೋನ್ (ಓಡುವ ಲೈಬ್ರರಿಗಳ ದಾಖಲೆ) ಮೇಲೆ 3.1ರ ಕೋಎಕ್ಸಿಸ್ಟೆನ್ಸ್ ಫಿಕ್ಸ್‌ಕ್ಯಾಟ್ (ತಿದ್ದುಪಡಿಗಳ ವರ್ಗ) ಕೊಟ್ಟು ರಿಪೋರ್ಟ್ ಮಿಸ್ಸಿಂಗ್‌ಫಿಕ್ಸ್ ಓಡಿಸಿದರೆ ಏನೇನು ಬಾಕಿ ಇದೆ ಎಂಬ ಪಟ್ಟಿ ಸಿಗುತ್ತದೆ. ಪಟ್ಟಿ ಖಾಲಿಯಾಗುವವರೆಗೆ, ಆ ಪಿಟಿಎಫ್‌ಗಳೊಂದಿಗೆ ನಾಲ್ಕೂ ಎಲ್‌ಪಾರ್‌ಗಳು ಐಪಿಎಲ್ ಆಗುವವರೆಗೆ, 3.1ರ ಐಪಿಎಲ್ ದಿನಾಂಕ ಗೊತ್ತುಮಾಡಲಿಲ್ಲ. ಇದನ್ನು ಬಿಟ್ಟರೆ ತೊಂದರೆ ಕಾಣಿಸುವುದು ಹೊಸ ಸಿಸ್ಟಮ್‌ನಲ್ಲಲ್ಲ. ಪಕ್ಕದಲ್ಲಿ ತಣ್ಣಗೆ ಓಡುತ್ತಿದ್ದ ಹಳೆಯದು ಬೀಳುತ್ತದೆ, ಕಾರಣ ಹುಡುಕುವವರು ತಪ್ಪು ಕಡೆ ನೋಡುತ್ತಿರುತ್ತಾರೆ.

ಸರ್ವಿಸ್ ಮಟ್ಟಕ್ಕೆ ಮೂರು ತಿಂಗಳಿಗೊಮ್ಮೆ ಬರುವ ಆರ್‌ಎಸ್‌ಯು (ಶಿಫಾರಸು ಮಾಡಿದ ಪಿಟಿಎಫ್‌ಗಳ ಗುಂಪು) ಹಿಡಿದೆವು. ಅದರ ಮೇಲೆ ಹೈಪರ್ (ತೀವ್ರ ದೋಷ ಸರಿಪಡಿಸುವ) ಮತ್ತು ಭದ್ರತೆಯ ಪಿಟಿಎಫ್‌ಗಳು. ಅಪ್ಲೈಗೆ (ಪಿಟಿಎಫ್ ಹಾಕುವುದು) ಮುನ್ನ ಗ್ರೂಪ್‌ಎಕ್ಸ್‌ಟೆಂಡ್ (ಜೊತೆಗೆ ಬೇಕಾದ ಪಿಟಿಎಫ್‌ಗಳನ್ನೂ ಸೇರಿಸುವ ಆಯ್ಕೆ) ಸಹಿತ ಅಪ್ಲೈ ಚೆಕ್ (ಏನೂ ಬದಲಿಸದ ಪ್ರಯೋಗ) ಕಡ್ಡಾಯ. ಚೆಕ್ ರಿಪೋರ್ಟಿನಲ್ಲಿ ಬರುವ ಹೋಲ್ಡ್‌ಗಳನ್ನು ಒಂದೊಂದಾಗಿ ಓದಬೇಕು, ಇದಕ್ಕೆ ಅಡ್ಡದಾರಿ ಇಲ್ಲ. ಆಕ್ಷನ್ ಹೋಲ್ಡ್ ಎಂದರೆ ನಾವೇ ಕೈಯಾರೆ ಮಾಡಬೇಕಾದ ಕೆಲಸವಿದೆ ಎಂದರ್ಥ. ಮಲ್ಟಿಸಿಸ್ ಎಂದರೆ ಬೇರೆ ಸಿಸ್ಟಮ್‌ಗಳಿಗೂ ಸಂಬಂಧವಿದೆ. ಐಪಿಎಲ್ ಹೋಲ್ಡ್ ಹೆಚ್ಚಾಗಿ ಮಾಮೂಲಿ, ಆದರೂ ಕೆಲವದರಲ್ಲಿ ಸಿಎಲ್‌ಪಿಎ (ಹಂಚಿಕೆಯ ಪ್ರೋಗ್ರಾಮ್ ಜಾಗವನ್ನು ಹೊಸದಾಗಿ ಕಟ್ಟುವ ಐಪಿಎಲ್) ಬೇಕೆಂದು ಬರೆದಿರುತ್ತದೆ. ನಾವು ಹೋಲ್ಡ್‌ಗಳನ್ನೆಲ್ಲ ಒಂದು ಸ್ಪ್ರೆಡ್‌ಶೀಟಿಗೆ ಇಳಿಸಿ, ಪ್ರತಿಯೊಂದರ ಎದುರು ಯಾರು, ಯಾವಾಗ, ಯಾವ ಪಾರ್ಮ್‌ಲಿಬ್ (ಸಿಸ್ಟಮ್ ಸೆಟ್ಟಿಂಗ್‌ಗಳ ಲೈಬ್ರರಿ) ಮೆಂಬರ್ ಎಂದು ಬರೆದೆವು. ಅದಾದ ಮೇಲೆಯೇ ಬೈಪಾಸ್ ಹೋಲ್ಡ್‌ಸಿಸ್, ಅಂದರೆ ಆ ಹೋಲ್ಡ್‌ಗಳನ್ನು ದಾಟುವ ಆಯ್ಕೆ. ಎರರ್ ಹೋಲ್ಡ್ ಇದ್ದ ಪಿಟಿಎಫ್ ಅನ್ನು ಮಾತ್ರ ಬೈಪಾಸ್ ಮಾಡಲೇ ಇಲ್ಲ. ಅದರ ಪರಿಹಾರದ ಪಿಟಿಎಫ್ ಬರುವವರೆಗೆ ಕಾದೆವು.

ಇಡೀ ಕೆಲಸದಲ್ಲಿ ಅತ್ಯಂತ ಅಪಾಯದ ಜಾಗ ಡಿಡಿಡೆಫ್. ಎಸ್‌ಎಂಪಿ/ಇ ಯಾವ ಲೈಬ್ರರಿಗೆ ಬರೆಯಬೇಕೆಂದು ಹೇಳುವುದು ಟಾರ್ಗೆಟ್ ಝೋನಿನ ಡಿಡಿಡೆಫ್ ಎಂಟ್ರಿ. ಅದರಲ್ಲಿ ವಾಲ್ಯೂಮ್ ಕೊಡದಿದ್ದರೆ ಎಸ್‌ಎಂಪಿ/ಇ ಕ್ಯಾಟಲಾಗ್ ನೋಡುತ್ತದೆ. ಸಿಸ್‌ರೆಸ್ ಡೇಟಾಸೆಟ್‌ಗಳು ಇನ್‌ಡೈರೆಕ್ಟ್ ಆಗಿ, ಅಂದರೆ ವಾಲ್ಯೂಮ್ ಜಾಗದಲ್ಲಿ ಆರು ನಕ್ಷತ್ರ ಹಾಕಿ, ಕ್ಯಾಟಲಾಗ್ ಆಗಿರುತ್ತವೆ. ಆ ನಕ್ಷತ್ರಗಳಿಗೆ ಸದ್ಯ ಐಪಿಎಲ್ ಆಗಿರುವ ಸಿಸ್‌ರೆಸ್ ಎಂದೇ ಅರ್ಥ. ಅಲ್ಲಿಗೆ ಹೊಸ ಪಿಟಿಎಫ್ ನೇರ ಓಡುತ್ತಿರುವ ಸಿಸ್1.ಲಿಂಕ್‌ಲಿಬ್‌ಗೆ ಹೋಗಿ ಬೀಳುತ್ತದೆ. ಲೈಬ್ರರಿ ಹೊಸ ಎಕ್ಸ್‌ಟೆಂಟ್ (ಡಿಸ್ಕ್ ಜಾಗದ ತುಂಡು) ತೆಗೆದುಕೊಂಡರೆ ಲಿಂಕ್‌ಲಿಸ್ಟ್‌ಗೆ (ಪ್ರೋಗ್ರಾಮ್ ಹುಡುಕುವ ಲೈಬ್ರರಿಗಳ ಪಟ್ಟಿ) ಅದರ ಸುಳಿವಿರುವುದಿಲ್ಲ, ಎಸ್106 ಅಬೆಂಡ್‌ಗಳು (ಅಸಹಜ ಅಂತ್ಯಗಳು) ಸಾಲಾಗಿ ಬರತೊಡಗುತ್ತವೆ. ಆದ್ದರಿಂದ ಝೋನ್ ಕ್ಲೋನ್ ಮಾಡಿದ ಕೂಡಲೇ ಝೋನ್‌ಎಡಿಟ್‌ನಿಂದ ಡಿಡಿಡೆಫ್‌ಗಳ ವಾಲ್ಯೂಮ್ ಬದಲಿಸಿ, ಲಿಸ್ಟ್ ಡಿಡಿಡೆಫ್ ತೆಗೆದು, ಹಳೆಯ ವೋಲ್‌ಸರ್ (ವಾಲ್ಯೂಮಿನ ಹೆಸರು) ಎಲ್ಲಾದರೂ ಉಳಿದಿದೆಯೇ, ವಾಲ್ಯೂಮೇ ಇಲ್ಲದ ಎಂಟ್ರಿ ಇದೆಯೇ ಎಂದು ಹುಡುಕಬೇಕು. ಯುನಿಕ್ಸ್ ಪಾತ್‌ಗಳೂ ಅಷ್ಟೇ: /ಯುಎಸ್‌ಆರ್/ಎಲ್‌ಪಿಪಿ ಎಂದಿರುವುದೆಲ್ಲ /ಸರ್ವಿಸ್ ಮುಂದಿಟ್ಟುಕೊಂಡು ಶುರುವಾಗಬೇಕು. ಲೈವ್ ರೂಟ್ ಅನ್ನು ರೀಡ್ ಓನ್ಲಿ ಮೌಂಟ್ ಮಾಡಿಟ್ಟಿದ್ದರೆ ಇಲ್ಲಿನ ತಪ್ಪು ಅಪ್ಲೈ ಹೊತ್ತಿಗೇ ಸಿಕ್ಕಿಬೀಳುತ್ತದೆ.

ಅಪ್ಲೈ ನಡುವೆ ಬರುವ ತಾಪತ್ರಯ ಹೆಚ್ಚಾಗಿ ಜಾಗದ್ದು. ಬಿ37, ಡಿ37, ಇ37 ಬಂದರೆ ಎಸ್‌ಎಂಪಿ/ಇ ತಾನೇ ಕಂಪ್ರೆಸ್ ಮಾಡಿ ಮತ್ತೆ ಯತ್ನಿಸುವಂತೆ ಆಪ್ಷನ್ಸ್ ಎಂಟ್ರಿಯಲ್ಲಿ ರಿಟ್ರೈ ಪಟ್ಟಿ ಕೊಡಬಹುದು. ಬಿ14 ಬಂದರೆ ಕಂಪ್ರೆಸ್‌ನಿಂದ ಉಪಯೋಗವಿಲ್ಲ, ಪಿಡಿಎಸ್‌ನ (ಮೆಂಬರ್‌ಗಳಿರುವ ಡೇಟಾಸೆಟ್) ಡೈರೆಕ್ಟರಿ ಬ್ಲಾಕ್ ಮುಗಿದಿದೆ, ದೊಡ್ಡದಾಗಿ ಮರುಹಂಚಿಕೆ ಮಾಡಿ ಕಾಪಿ ಮಾಡಬೇಕು. ಇನ್ನು ಯೂಸರ್‌ಮಾಡ್‌ಗಳು, ಅಂದರೆ ನಾವೇ ಮಾಡಿಕೊಂಡ ಮಾರ್ಪಾಡುಗಳು. ಅವನ್ನು ಹಳೆಯ ರೂಪದಲ್ಲಿಯೇ ಹೊಸ ಬಿಡುಗಡೆಗೆ ತುರುಕಬಾರದು. ಎಕ್ಸಿಟ್‌ಗಳನ್ನು (ಸಿಸ್ಟಮ್ ಕರೆಯುವ ನಮ್ಮ ಕೋಡ್) 3.1ರ ಮ್ಯಾಕ್ರೋಗಳ ಜೊತೆ ಮತ್ತೆ ಅಸೆಂಬಲ್ ಮಾಡಿಯೇ ಹಾಕಿದೆವು. ನಿಜವಾಗಿ ಬೇಕೇ ಎಂದು ಪ್ರತಿಯೊಂದನ್ನೂ ಕೇಳಿಕೊಂಡದ್ದರಿಂದ ಕೆಲವು ಬಿಟ್ಟೂ ಹೋದವು.

ಪಾರ್ಮ್‌ಲಿಬ್‌ನಲ್ಲಿ ವೋಲ್‌ಸರ್ ನೇರವಾಗಿ ಬರೆದಿರುವ ಸಾಲುಗಳನ್ನು ಹುಡುಕಿ ತೆಗೆಯಿರಿ. ಪ್ರೋಗ್ ಮೆಂಬರಿನ ಎಪಿಎಫ್ ಪಟ್ಟಿ (ವಿಶೇಷ ಅಧಿಕಾರದ ಲೈಬ್ರರಿಗಳದು) ಡೇಟಾಸೆಟ್ ಹೆಸರು, ವಾಲ್ಯೂಮ್ ಎರಡನ್ನೂ ನೋಡುತ್ತದೆ. ಅಲ್ಲಿ ಹಳೆಯ ಸಿಸ್‌ರೆಸ್ ಹೆಸರು ಉಳಿದಿದ್ದರೆ ಲೈಬ್ರರಿ ಕಣ್ಣೆದುರೇ ಇದ್ದರೂ ಆಥರೈಸ್ ಆಗುವುದಿಲ್ಲ, ಎಸ್047 ಇಲ್ಲವೇ ಎಸ್306 ಬರುತ್ತದೆ. ಸಿಸ್‌ರೆಸ್‌ಗೆ ಆರು ನಕ್ಷತ್ರ, ಎರಡನೆಯ ವಾಲ್ಯೂಮಿಗೆ &ಸಿಸ್‌ಆರ್2 ಸಿಂಬಲ್ ಹಾಕಿದರೆ ಮುಂದೆ ಈ ಗೋಜಿಲ್ಲ. ಝಡ್‌ಎಫ್‌ಎಸ್‌ಗೆ (ಯುನಿಕ್ಸ್ ಫೈಲ್ ಸಿಸ್ಟಮ್) ಈ ಇನ್‌ಡೈರೆಕ್ಟ್ ಕ್ಯಾಟಲಾಗ್ ನಡೆಯದು, ಏಕೆಂದರೆ ಅದು ವಿಸ್ಯಾಮ್ ಬಗೆಯ ಡೇಟಾಸೆಟ್. ಅದರ ಹೆಸರಿನಲ್ಲಿಯೇ ಸಿಸ್‌ರೆಸ್ ಹೆಸರು ಸೇರಿಸಿ ಬಿಪಿಎಕ್ಸ್‌ಪಿಆರ್‌ಎಂ ಮೆಂಬರಿನಲ್ಲಿ ಒಎಂವಿಎಸ್.&ಸಿಸ್‌ಆರ್1..ರೂಟ್ ಎಂದು ಬರೆದೆವು. ನಡುವೆ ಎರಡು ಚುಕ್ಕೆ ಬೇಕೇ ಬೇಕು: ಮೊದಲನೆಯದು ಸಿಂಬಲ್ ಮುಗಿಯಿತು ಎನ್ನುತ್ತದೆ, ಎರಡನೆಯದೇ ಹೆಸರಿನ ಚುಕ್ಕೆ.

ಮೊದಲ ಐಪಿಎಲ್ ಟೆಸ್ಟ್ ಎಲ್‌ಪಾರ್‌ನಲ್ಲಿ. ಲೋಡ್ ಪಾರ್ಮ್‌ನ ಎಂಟು ಅಕ್ಷರಗಳಲ್ಲಿ ಮೊದಲ ನಾಲ್ಕು ಐಒಡಿಎಫ್ (ಡಿವೈಸ್‌ಗಳ ವಿವರದ ಕಡತ) ಇರುವ ಡಿವೈಸ್, ಮುಂದಿನೆರಡು ಲೋಡ್ ಮೆಂಬರಿನ ಪ್ರತ್ಯಯ. ಏಳನೆಯದನ್ನು ಎಂ ಎಂದು ಕೊಟ್ಟೆವು, ಆಗ ಪ್ರಶ್ನೆ ಕೇಳದೆ ಎಲ್ಲ ಸಂದೇಶವನ್ನೂ ತೋರಿಸುತ್ತದೆ. ಮೊದಲ ಐಪಿಎಲ್‌ಗೆ ಅದೇ ಸರಿ. 007 ವೇಟ್ ಸ್ಟೇಟ್ ಬಂದರೆ ಕನ್ಸೋಲ್ ಸಿಕ್ಕಿಲ್ಲವೆಂದು ತಿಳಿಯಿರಿ. ಐಸಿಎಚ್579ಇ ಕಂಡರೆ ರಾಕ್‌ಎಫ್ ಡೇಟಾಬೇಸಿನ ಟೆಂಪ್ಲೇಟ್ ಹಳೆಯದು, ಐಆರ್‌ಆರ್‌ಮಿನ್00 ಅನ್ನು ಅಪ್‌ಡೇಟ್ ಪಾರ್ಮ್‌ನೊಂದಿಗೆ ಓಡಿಸಬೇಕು. ಸಿಸ್ಟಮ್ ಎದ್ದ ಮೇಲೆ ಮೊದಲ ಕಮಾಂಡ್ ಡಿ ಐಪಿಎಲ್‌ಇನ್ಫೋ: ಬಿಡುಗಡೆ, ಸಿಸ್‌ರೆಸ್ ವಾಲ್ಯೂಮ್, ಲೋಡ್ ಮೆಂಬರ್ ಮೂರೂ ಅಂದುಕೊಂಡದ್ದೇ ಆಗಿರಬೇಕು. ಆಮೇಲೆ ಡಿ ಸಿಂಬಲ್ಸ್, ಡಿ ಪ್ರೋಗ್ ಎಪಿಎಫ್, ಹೆಲ್ತ್ ಚೆಕರ್‌ನ ವರದಿ.

ಸ್ಟ್ಯಾಂಡ್‌ಅಲೋನ್ ಡಂಪ್ ಪ್ರೋಗ್ರಾಮನ್ನು (ಸಿಸ್ಟಮ್ ಬಿದ್ದಾಗ ಮೆಮೊರಿಯನ್ನು ಬರೆದಿಡುವುದು) ಹೊಸ ಬಿಡುಗಡೆಯಿಂದ ಮತ್ತೆ ಕಟ್ಟಬೇಕು. ಬಹಳ ಕಡೆ ಮರೆಯುವುದು ಇದನ್ನೇ. ಅದು ಬೇಕಾಗುವ ದಿನ ಬಂದಾಗ ಕಟ್ಟಲು ಸಮಯವಿರುವುದಿಲ್ಲ.

ಪ್ರೊಡಕ್ಷನ್‌ನಲ್ಲಿ ಒಂದು ಸಲಕ್ಕೆ ಒಂದೇ ಎಲ್‌ಪಾರ್. ಕೆಲಸವನ್ನು ಉಳಿದ ಮೂರಕ್ಕೆ ಸರಿಸಿ, ಸಬ್‌ಸಿಸ್ಟಮ್‌ಗಳನ್ನು ಕ್ರಮವಾಗಿ ಇಳಿಸಿ, ಝಡ್ ಇಒಡಿ ಕೊಟ್ಟು, ವಿ ಎಕ್ಸ್‌ಸಿಎಫ್‌ನಿಂದ ಸಿಸ್‌ಪ್ಲೆಕ್ಸ್ ಬಿಡಿಸಿ ಹೊಸ ಸಿಸ್‌ರೆಸ್‌ನಿಂದ ಐಪಿಎಲ್. ಎರಡು ಎಲ್‌ಪಾರ್‌ಗಳ ನಡುವೆ ಒಂದು ವಾರ ಬಿಟ್ಟೆವು, ವಾರದ ಬ್ಯಾಚ್ ಒಂದು ಸುತ್ತಾದರೂ ಮುಗಿಯಲಿ ಎಂದು. ನಾಲ್ಕೂ ಏರುವವರೆಗೆ 3.1ರ ಹೊಸ ಸೌಲಭ್ಯ ಯಾವುದನ್ನೂ ಆನ್ ಮಾಡಲಿಲ್ಲ. ಹಳೆಯದಕ್ಕೆ ಅರ್ಥವಾಗದ ಒಂದು ದಾಖಲೆ ಹಂಚಿಕೊಂಡ ಡೇಟಾಸೆಟ್‌ಗೆ ಬಿದ್ದರೂ ಹಿಂದಿನ ದಾರಿ ಮುಚ್ಚುತ್ತದೆ.

ನಂತರದ ದಿನಗಳಲ್ಲಿ ಬರುವ ಕರೆಗಳು ಬಹುತೇಕ ಒಂದೇ ಬಗೆಯವು. ಎಸ್806 ಎಂದರೆ ಮಾಡ್ಯೂಲ್ ಸಿಕ್ಕಿಲ್ಲ: ಸ್ಟೆಪ್‌ಲಿಬ್‌ನಲ್ಲಿ ಹಳೆಯ ಹೆಸರು ಬರೆದಿರುತ್ತಾರೆ, ಇಲ್ಲವೇ ಲಿಂಕ್‌ಲಿಸ್ಟ್‌ನಿಂದ ಒಂದು ಲೈಬ್ರರಿ ಬಿಟ್ಟುಹೋಗಿರುತ್ತದೆ. ಎಸ್913 ಬಂದರೆ ರಾಕ್‌ಎಫ್ ಪ್ರೊಫೈಲ್ ನೋಡಿ. ಬೇರೆ ಕಂಪನಿಗಳ ಉತ್ಪನ್ನಗಳು ಎಸ್0ಸಿ1, ಎಸ್0ಸಿ4 ಕೊಟ್ಟರೆ ಮೊದಲು ಅವುಗಳ ಆವೃತ್ತಿ 3.1ಕ್ಕೆ ಒಪ್ಪುತ್ತದೆಯೇ ನೋಡಬೇಕು, ಡಂಪ್ ಬಿಡಿಸುವುದು ಆಮೇಲೆ. ಕರೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ, ಜಾಬ್ ಯಾವ ಎಲ್‌ಪಾರ್‌ನಲ್ಲಿ ಓಡಿತು ಎಂಬುದು. ಅದೇ ಜಾಬ್ 2.5 ಇರುವ ಎಲ್‌ಪಾರ್‌ನಲ್ಲಿ ಬಿದ್ದಿದ್ದರೆ ನಮ್ಮ ಬದಲಾವಣೆಗೆ ಬಹುಶಃ ಸಂಬಂಧವಿಲ್ಲ.

ಅಕ್ಸೆಪ್ಟ್‌ಗೆ (ಪಿಟಿಎಫ್ ಅನ್ನು ಡಿಸ್ಟ್ರಿಬ್ಯೂಷನ್ ಲೈಬ್ರರಿಗೂ ಸೇರಿಸುವುದು) ಅವಸರ ಬೇಡ. ರಿಸ್ಟೋರ್ ಕಮಾಂಡ್ ಹಳೆಯ ಮಾಡ್ಯೂಲನ್ನು ತರುವುದು ಡಿಸ್ಟ್ರಿಬ್ಯೂಷನ್ ಲೈಬ್ರರಿಯಿಂದ, ಅಕ್ಸೆಪ್ಟ್ ಆದ ಪಿಟಿಎಫ್ ಅನ್ನು ಅದು ಹಿಂತೆಗೆಯಲಾರದು. ಹಳೆಯ ಸಿಸ್‌ರೆಸ್, ಅದರ ಝಡ್‌ಎಫ್‌ಎಸ್‌ಗಳು, 2.5ರ ಟಾರ್ಗೆಟ್ ಝೋನ್ ಮೂರನ್ನೂ ಒಂದು ತ್ರೈಮಾಸಿಕದ ಬ್ಯಾಚ್ ದಾಟುವವರೆಗೆ ಹಾಗೆಯೇ ಇಟ್ಟೆವು. ಅದು ಸುಸೂತ್ರವಾಗಿ ಮುಗಿದ ಮೇಲೆ ಆ ವಾಲ್ಯೂಮ್‌ಗಳನ್ನು ಮುಂದಿನ ಆರ್‌ಎಸ್‌ಯುಗೆ ಕ್ಲೋನ್ ಗುರಿಯಾಗಿ ಬಳಸಿಕೊಂಡೆವು.