ಕಾಲುವೆ ಕೊನೆಯವರ ನೆಲ್ಲು: ಪೈಪು ಹೂತು ನೀರು ನೋಡುವ ಬಗೆ

ನಮ್ಮದು ಸಿಂಧನೂರು ತಾಲ್ಲೂಕು. ತುಂಗಭದ್ರಾ ಎಡದಂಡೆ, ಅದರಲ್ಲೂ ಉಪಕಾಲುವೆಯ ಕೊನೆಯ ತೂಬು. ಮೇಲಿನವರ ಗದ್ದೆ ತುಂಬಿದ ಮೇಲೆ ನಮ್ಮ ಪಾಳಿ. ಅಸಲಿಗೆ ಈ ಕಾಲುವೆ ತೋಡುವಾಗ ಹೆಚ್ಚಿನ ಭೂಮಿಗೆ ಲೆಕ್ಕ ಹಾಕಿದ್ದು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ. ನಾವೆಲ್ಲ ನೆಲ್ಲು ಹಚ್ಚಿಕೊಂಡು ಕೂತಿದ್ದೇವೆ. ಡ್ಯಾಮೋ, ಹೂಳು ತುಂಬಿ ಅದು ಹಿಡಿಯುವ ನೀರು 133 ಟಿಎಂಸಿಯಿಂದ (ಶತಕೋಟಿ ಘನ ಅಡಿ) 105ರ ಹತ್ತಿರಕ್ಕೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದಾಗ ಎಲ್ಲರ ಎದೆಯೂ ಒಡೆದಿತ್ತು. ನೆಲ್ಲು ಬಿಡಿ ಅಂತ ನಾನು ಹೇಳಲ್ಲ, ಹೇಳಿದರೂ ಯಾರೂ ಕೇಳಲ್ಲ. ಇರುವ ನೀರಿನಲ್ಲೇ ಬೆಳೆಯೋದು ಹೇಗೆ, ಅಷ್ಟು ನೋಡೋಣ.

ಮೊದಲ ಕೆಲಸ ಮಟ್ಟ. ಒಂದು ಮೂಲೆ ಮುಳುಗಿ ಇನ್ನೊಂದು ಒಣಗಿದ್ದರೆ, ಆ ಒಣ ಮೂಲೆಗೋಸ್ಕರ ಇಡೀ ಮಡಿಗೆ ನೀರು ಬಿಡುತ್ತೀರಿ, ಅಲ್ವಾ? ಬೇಸಿಗೆಯಲ್ಲಿ ಎರೆ, ಅಂದರೆ ನಮ್ಮ ಕಪ್ಪು ಮಣ್ಣು, ಒಣಗಿ ಹೆಂಟೆ ಒಡೆದ ಮೇಲೆ ನೆಲ ಮಟ್ಟ ಮಾಡುವ ಲೇಸರ್ ಲೆವೆಲರ್ ಹಾಕಿಸಿ. ಬಾಡಿಗೆ ಗಂಟೆ ಲೆಕ್ಕ. ಅಕ್ಕಪಕ್ಕದವರು ಸೇರಿ ಒಟ್ಟಿಗೆ ಕರೆಸಿದರೆ ಅನುಕೂಲ. ಆಮೇಲೆ ಬದು ಸುತ್ತಿ ಏಡಿ ತೂತು, ಇಲಿ ಬಿಲ ಮುಚ್ಚಿ.

ಈಗ ಪೈಪಿನ ವಿಷಯ. ನೆಲ್ಲಿಗೆ ಬೇಕಿರುವುದು ಬೇರಿನ ಹತ್ತಿರ ತೇವ. ಮೇಲೆ ಸದಾ ನೀರು ನಿಂತಿರಲೇಬೇಕು ಅನ್ನೋದೇನಿಲ್ಲ. ನಾಲ್ಕು ಅಥವಾ ಆರು ಇಂಚಿನ ಪಿವಿಸಿ ಪೈಪನ್ನು ಒಂದು ಅಡಿ ಉದ್ದಕ್ಕೆ ಕತ್ತರಿಸಿ. ಕೆಳಗಿನ ಅರ್ಧಕ್ಕೆ ಸುತ್ತಲೂ ಸಣ್ಣ ತೂತು ಕೊರೆಯಿರಿ. ಬದುವಿನಿಂದ ಕೈಗೆ ಎಟುಕುವ, ಆದರೆ ತೀರಾ ತಗ್ಗೂ ದಿಬ್ಬವೂ ಅಲ್ಲದ ಜಾಗದಲ್ಲಿ ತೂತಿರುವ ಅರ್ಧವನ್ನು ಹೂಳಿ, ಒಳಗಿನ ಮಣ್ಣನ್ನು ಕೈಹಾಕಿ ತೆಗೆಯಿರಿ. ನೀರು ಕಟ್ಟಿದಾಗ ಒಳಗೂ ಹೊರಗೂ ಒಂದೇ ಮಟ್ಟ ಕಾಣಬೇಕು. ಕಾಣದಿದ್ದರೆ ತೂತು ಕಟ್ಟಿದೆ, ಕಿತ್ತು ತೊಳೆದು ಮತ್ತೆ ಹೂಳಿ.

ನಾಟಿಯಾದ ಮೊದಲ ಎರಡು ವಾರ ತೆಳ್ಳಗೆ ನೀರು ನಿಲ್ಲಲಿ. ಸಸಿ ಬೇರು ಹಿಡಿಯುತ್ತದೆ, ಕಳೆಯೂ ಅಡಗುತ್ತದೆ. ಆಮೇಲೆ ನೀರು ಬಿಟ್ಟಾಗಲೆಲ್ಲ ಎರಡು ಇಂಚು ಕಟ್ಟಿ, ಸುಮ್ನೆ ಬಿಟ್ಟುಬಿಡಿ. ಮೇಲಿನ ನೀರು ಇಂಗಿ, ಪೈಪಿನೊಳಗೆ ನೆಲಮಟ್ಟಕ್ಕಿಂತ ಆರು ಇಂಚು ಕೆಳಗೆ ಹೋದಾಗ ಮತ್ತೆ ನೀರು ಕೊಡಿ ಅಂತ ಪುಸ್ತಕದ ಲೆಕ್ಕ. ನಮ್ಮ ಎರೆಗೆ ನಾನು ನಾಲ್ಕು ಇಂಚಿಗೇ ನಿಲ್ಲಿಸುತ್ತೇನೆ. ಎರೆ ಬಿರುಕು ಬಿಟ್ಟರೆ ಮುಂದಿನ ನೀರೆಲ್ಲ ಬಿರುಕಿಗೇ ಇಳಿದು ಹೋಗುತ್ತದೆ, ಉಳಿಸಿದ್ದೆಲ್ಲ ಅಲ್ಲಿಗೆ ಖರ್ಚು. ಕೂದಲೆಳೆಯಷ್ಟು ಬಿರುಕು ಕಂಡರೆ ಸಾಕು, ತೂಬು ತೆಗೆಯಿರಿ. ಹೂ ಬಿಡುವ ಒಂದು ವಾರ ಮುಂಚೆ, ಒಂದು ವಾರ ನಂತರ ಮಾತ್ರ ಒಣಗಿಸಬೇಡಿ. ಆಗ ಬಾಯಾರಿದರೆ ಕಾಳು ಜೊಳ್ಳಾಗುತ್ತದೆ.

ಪಾಳಿ ನಮ್ಮ ಕೈಲಿಲ್ಲವಲ್ಲ ಅಂತೀರಿ. ನಿಜ. ಪೈಪು ಏನೇ ಹೇಳಲಿ, ನಾಳೆ ಕಾಲುವೆ ನಿಲ್ಲುತ್ತದೆ ಅಂದರೆ ಇವತ್ತೇ ಕಟ್ಟಿಕೊಳ್ಳಿ. ಕೃಷಿ ಹೊಂಡ ಇದ್ದವರಿಗೆ ಈ ತಲೆಬಿಸಿ ಕಡಿಮೆ.

ಸವಳು ಬಿದ್ದ, ಅಂದರೆ ಉಪ್ಪು ಏರಿದ ಮಡಿಗೆ ಈ ಪೈಪಿನ ಲೆಕ್ಕ ಬೇಡ. ಒಣಗಿಸಿದರೆ ಉಪ್ಪು ಮೇಲೇರಿ ಬೆಳ್ಳಗೆ ಹರಡುತ್ತದೆ. ಅಲ್ಲಿ ನೀರು ನಿಲ್ಲಿಸಿ ಬಸಿದು ಹೊರಹಾಕಬೇಕು, ಬಸಿಗಾಲುವೆ ಇಲ್ಲದೆ ಅದು ಸಾಧ್ಯವಿಲ್ಲ. ಸವಳು ಅಂದ ಕೂಡಲೇ ಜಿಪ್ಸಂ ಸುರಿಯುವವರಿದ್ದಾರೆ. ಜಿಪ್ಸಂ ಕ್ಷಾರ ಮಣ್ಣಿನ ಮದ್ದು, ಬರೀ ಉಪ್ಪಿನ ಮಣ್ಣಿಗೆ ಅದು ದಂಡ. ಪಿಹೆಚ್ 8.5 ದಾಟಿದೆಯಾ ಅಂತ ಮೊದಲು ಪರೀಕ್ಷೆ ಮಾಡಿಸಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಇಂಥ ಮಣ್ಣಿನ ಮೇಲೇ ಕೆಲಸ ಮಾಡುತ್ತಾರೆ.

ಯೂರಿಯಾವನ್ನು ನಿಂತ ನೀರಿಗೆ ಎರಚಬೇಡಿ, ಅರ್ಧ ಗಾಳಿಗೆ ಹೋಗುತ್ತದೆ. ಮಣ್ಣು ಹಸಿಯಿದ್ದು ನೀರು ಇಂಗಿದಾಗ ಹಾಕಿ, ಮೇಲೆ ನೀರು ಕೊಡಿ. ಪೈಪು ಇದ್ದರೆ ಆ ಹೊತ್ತು ಸರಿಯಾಗಿ ಸಿಗುತ್ತದೆ. ಸತುವಿನ ಸಲ್ಫೇಟನ್ನು ಡಿಎಪಿ ಜೊತೆ ಬೆರೆಸಬೇಡಿ.

ಹುಲ್ಲು ಸುಡುವುದನ್ನು ಬಿಟ್ಟರೆ ಒಂದಿಷ್ಟು ಗೊಬ್ಬರ ಉಳಿದಂತೆ. ಬೇಕಾದಷ್ಟು ಮೇವಿಗೆ ಬಣವಿ ಒಟ್ಟಿ, ಕೂಳೆಯನ್ನು ರೋಟವೇಟರ್‌ನಿಂದ ಮಣ್ಣಿಗೆ ಸೇರಿಸಿ. ಮುಂಗಾರು ಹನಿ ಬಿದ್ದ ಕೂಡಲೇ ಎಕರೆಗೆ 20 ಕೆಜಿ ಡಯಂಚಾ (ಹಸಿರೆಲೆ ಗೊಬ್ಬರದ ಬೆಳೆ) ಬೀಜ ಚೆಲ್ಲಿ, ಹೂವಿಗೆ ಬರುವ ಮೊದಲು, ಅಂದರೆ ಸುಮಾರು 45 ದಿನಕ್ಕೆ ಮಗುಚಿ. ಕಾಲುವೆಗೆ ನೀರು ತಡವಾಗಿ ಬರುವ ವರ್ಷ ಇದಕ್ಕೆ ಸಮಯವೂ ಸಿಗುತ್ತದೆ.

ನೀರು ತೀರಾ ತಡವಾದರೆ ನಾಟಿಗೆ ಕಾಯದೆ ಕೂರಿಗೆಯಿಂದ ಬಿತ್ತುವವರು ನಮ್ಮ ಕಡೆ ಜಾಸ್ತಿ ಆಗಿದ್ದಾರೆ. ಸಸಿಮಡಿ, ಕೆಸರು, ನಾಟಿ ಕೂಲಿ, ಮೂರೂ ಉಳಿಯುತ್ತವೆ. ಆದರೆ ಕಳೆ ಮೈಮೇಲೆ ಬರುತ್ತದೆ. ಮೊಳಕೆಗೆ ಮುಂಚಿನ ಕಳೆನಾಶಕ ತಪ್ಪಿಸಿದರೆ ಆ ವರ್ಷ ಕಳೆ ಕೂಲಿಗೇ ದುಡಿಮೆ. ಎಲೆ ಹಳದಿ ತಿರುಗಿದರೆ ಕಬ್ಬಿಣದ ಕೊರತೆ ಇರಬಹುದು. ಅದು ಖಚಿತವಾದರೆ ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ ಸಿಂಪಡಿಸಿ.

ಕೊಯ್ಲಿಗೆ ಹತ್ತು ಹದಿನೈದು ದಿನ ಮುಂಚೆ ನೀರು ಪೂರ್ತಿ ಬಸಿಯಿರಿ. ಎರೆಯಲ್ಲಿ ಹಸಿ ಉಳಿದರೆ ಹಾರ್ವೆಸ್ಟರ್ ಹೂತುಕೊಳ್ಳುತ್ತದೆ. ಅದನ್ನು ಎಳೆಸುವ ಬಾಡಿಗೆಯೂ ನಿಮ್ಮ ಲೆಕ್ಕಕ್ಕೇ ಬೀಳುತ್ತದೆ.