ಮಾವಿನ ಸಿಪ್ಪೆ ಕೋಳಿಗೆ ಹಾಕುವ ಮುನ್ನ ಸರಿಯಾಗಿ ಒಣಗಿಸಿ

ಮೇ ತಿಂಗಳಲ್ಲಿ ಹುಬ್ಬಳ್ಳಿ-ಧಾರವಾಡದ ಜ್ಯೂಸ್ ಅಂಗಡಿಗಳಿಂದ ಆಪೂಸ್ ಸಿಪ್ಪೆ ಬುಟ್ಟಿಗಟ್ಟಲೆ ತಿಪ್ಪೆ ಸೇರುತ್ತದೆ. ಜವಾರಿ ಕೋಳಿ ಸಾಕಿದವರು ಅದನ್ನು ಕೇಳಿ ಒಯ್ಯುವುದು ಒಳ್ಳೆಯದೇ. ಆದರೆ ಅರ್ಧ ಒಣಗಿದ್ದನ್ನೇ ಚೀಲಕ್ಕೆ ತುಂಬಿ ಬೂಸ್ಟು ಹಿಡಿಸಿದವರನ್ನು ಬಹಳ ನೋಡಿದ್ದೇನೆ.

ಅಂದು ಸುಲಿದ ಸಿಪ್ಪೆಯನ್ನಷ್ಟೇ ತನ್ನಿ. ಸ್ಟ್ರಾ, ಪ್ಲಾಸ್ಟಿಕ್ ಆರಿಸಿ ತೆಗೆದು ಎರಡು ಸಲ ತೊಳೆಯಿರಿ.

ಕಷ್ಟವೆಲ್ಲ ಮುಂದಿನ ಹಂತದಲ್ಲಿ. ಸಿಪ್ಪೆಗೆ ಅಂಟಿದ ತಿರುಳನ್ನು ಚಮಚದಿಂದ ಕೆರೆದುಬಿಡಿ. ತಿರುಳಿನ ಸಕ್ಕರೆ ಗಾಳಿಯ ತೇವವನ್ನು ಮತ್ತೆ ಎಳೆದುಕೊಳ್ಳುತ್ತದೆ. ಬೆರಳಗಲ ಹೆಚ್ಚಿ, ಒಂದರ ಮೇಲೊಂದು ಬೀಳದಂತೆ ಸ್ವಚ್ಛ ಬಟ್ಟೆಯ ಮೇಲೆ ಹರವಿ, ದಿನಕ್ಕೆ ಮೂರು ನಾಲ್ಕು ಸಲ ತಿರುವಿಹಾಕಿ. ಡಾಂಬರು ರಸ್ತೆಯ ಮೇಲೆ ಮಾತ್ರ ಹರವಬೇಡಿ, ಎಣ್ಣೆ, ಧೂಳು ಮೆತ್ತಿಕೊಳ್ಳುತ್ತವೆ. ಸಂಜೆ ಇಬ್ಬನಿ ಬೀಳುವ ಮುಂಚೆ ಒಳಗೆ ತನ್ನಿ. ಮಿರಗದ ಮಳೆ ಹತ್ತಿರ ಬಂದಿದ್ದರೆ ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು.

ಮೂರನೆಯ ದಿನ ಸಿಪ್ಪೆ ಒಣಗಿದಂತೆ ಕಾಣುತ್ತದೆ, ನಂಬಬೇಡಿ. ಒಂದು ಹಿಡಿಯನ್ನು ಗಾಜಿನ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು, ಎರಡು ತಾಸು ಬಿಸಿಲಿಗಿಡಿ. ಒಳಗೋಡೆಯಲ್ಲಿ ನೀರಹನಿ ಮೂಡಿದರೆ ಇನ್ನೊಂದು ದಿನ ಒಣಗಿಸಿ. ಮೂಡದೆ, ಸಿಪ್ಪೆ ಬಾಗಿಸಿದಾಗ ಚಟ್ ಎಂದು ಮುರಿದರೆ ಆಯಿತು. ಬೂಸ್ಟಿನಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ವಿಷ ಕೋಳಿಯ ಯಕೃತ್ತನ್ನು ಕೆಡಿಸುತ್ತದೆ, ಕುದಿಸಿದರೂ ಹುರಿದರೂ ಪೂರ್ತಿ ಹೋಗುವುದಿಲ್ಲ. ಬೂಸ್ಟು ಕಂಡ ಸಿಪ್ಪೆಯನ್ನು ಒರೆಸಿ ಬಳಸುವವರಿದ್ದಾರೆ. ನನ್ನ ಮಾತು ಕೇಳಿ, ಗುಂಡಿ ತೋಡಿ ಹೂಳಿರಿ, ಕೋಳಿಗೆ ಸಿಗುವ ಕಡೆ ಎಸೆಯಬೇಡಿ.

ಹತ್ತು ಕೆಜಿ ಹಸಿ ಸಿಪ್ಪೆ ಒಣಗಿದರೆ ಎರಡು ಎರಡೂವರೆ ಕೆಜಿ ಉಳಿಯುತ್ತದೆ. ಗಿರಣಿಯಲ್ಲಿ ತರಿತರಿಯಾಗಿ ಬೀಸಿಸಿ, ಮುಚ್ಚಳವಿರುವ ಡಬ್ಬಿಯಲ್ಲಿಡಿ.

ಈ ಪುಡಿ ಜೋಳ, ಮೆಕ್ಕೆಜೋಳಕ್ಕೆ ಬದಲಿ ಅಲ್ಲ. ಇದರಲ್ಲಿರುವ ನಾರು, ಒಗರು ಹೆಚ್ಚಾದರೆ ಕೋಳಿಗೆ ಪ್ರೋಟೀನ್ ದಕ್ಕುವುದಿಲ್ಲ. ಒಂದು ಕೆಜಿ ಆಹಾರಕ್ಕೆ 10 ಗ್ರಾಂನಿಂದ ಆರಂಭಿಸಿ, ವಾರದ ಬಳಿಕ 20 ಗ್ರಾಂಗೆ ಏರಿಸಿ. ನಾನು ಅದರಾಚೆ ಹೋಗುವುದಿಲ್ಲ. ತಿಂಗಳೊಳಗಿನ ಮರಿಗಳಿಗೆ ಬೇಡವೇ ಬೇಡ. ದಾಳಿಂಬೆ ಸಿಪ್ಪೆ ಇನ್ನೂ ಒಗರು, ಅದಕ್ಕೆ ಕೆಜಿಗೆ 5 ಗ್ರಾಂ ಸಾಕು. ನವಲೂರಿನ ಪೇರಲ ಸಿಕ್ಕರೆ ತಾಜಾ ಹಣ್ಣನ್ನೇ ಸಣ್ಣಗೆ ಹೆಚ್ಚಿ ಹಾಕಿ, ಸಂಜೆಗೆ ಉಳಿದದ್ದನ್ನು ಎತ್ತಿಬಿಡಿ. ಬೆಣ್ಣೆಹಣ್ಣಿನ ಸಿಪ್ಪೆ, ಬೀಜ ಕೋಳಿಗೆ ವಿಷ, ಹತ್ತಿರವೂ ಸೇರಿಸಬೇಡಿ.

ಕೋಳಿಗೆಂದು ‘ಹಣ್ಣಿನ ಸತ್ವ’ದ ಹೆಸರಿನಲ್ಲಿ ಬಾಟಲಿಯಲ್ಲಿ ಮಾರುವ ಟಾನಿಕ್ಕಿನ ಚೀಟಿಯಲ್ಲಿ ಏನೇನಿದೆ, ಎಷ್ಟಿದೆ ಎಂದು ಬರೆದಿಲ್ಲದಿದ್ದರೆ ಕೊಳ್ಳಬೇಡಿ.

ಪುಡಿ ಹಾಕಿದ ಮೇಲೆ ವಾರವಿಡೀ ಬೆಳಿಗ್ಗೆ ಗೂಡು ತೆರೆದ ಕೂಡಲೇ ಹಿಕ್ಕೆ ನೋಡಿ. ನೀರಾಗಿದ್ದರೆ ಪುಡಿ ನಿಲ್ಲಿಸಿ. ಎರಡು ದಿನದಲ್ಲಿ ಗಟ್ಟಿಯಾದರೆ ಅರ್ಧ ಅಳತೆಯಿಂದ ಮತ್ತೆ ಶುರು ಮಾಡಿ, ಆಗದಿದ್ದರೆ ಪಶುವೈದ್ಯರಿಗೆ ತೋರಿಸಿ.