ಬಾಟಲಿಯಲ್ಲಿ ಕೆರೆ ನೀರು ತಂದವರಿಗೆ ಮೊದಲು ಏನು ಕೇಳಬೇಕು

ನಾನು ವಕೀಲೆ. ನನ್ನ ಆಫೀಸಿಗೆ ಪರಿಸರದ ಕೇಸ್ ಬರುವುದು ಹೆಚ್ಚಾಗಿ ಪ್ಲಾಸ್ಟಿಕ್ ಬಾಟಲಿಯಲ್ಲಿ. ಊರಿನ ಇಬ್ಬರು ಮೂವರು ಬರುತ್ತಾರೆ. ಒಬ್ಬರು ಚೀಲದಿಂದ ಬಾಟಲಿ ತೆಗೆದು ಟೇಬಲ್ ಮೇಲಿಡುತ್ತಾರೆ. ಒಳಗೆ ಕಪ್ಪು ನೀರು. "ನೋಡಿ ಮೇಡಂ, ಇದು ನಮ್ಮ ಕೆರೆ." ಮುಚ್ಚಳ ತೆಗೀಬೇಡಿ ಅನ್ನುವಷ್ಟರಲ್ಲಿ ತೆಗೆದಾಗಿರುತ್ತದೆ.

ಹೊಸ ಜೂನಿಯರ್‌ಗಳು ತಕ್ಷಣ ಕೇಳುತ್ತಾರೆ: "ಯಾವ ಫ್ಯಾಕ್ಟರಿ?" ಅದು ಆಮೇಲೆ. ಮೊದಲು ಕೇಳಬೇಕಾದದ್ದು "ಯಾವತ್ತಿನಿಂದ?"

ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆ 2010ರ ಕಲಂ 14ರಲ್ಲಿ ಅರ್ಜಿ ಹಾಕಲು 6 ತಿಂಗಳು ಗಡುವು. ತಡಕ್ಕೆ ಸರಿಯಾದ ಕಾರಣ ಇದ್ದರೆ ಇನ್ನು 60 ದಿನ. ಆ ಲೆಕ್ಕ ಶುರುವಾಗುವುದು ವ್ಯಾಜ್ಯದ ಕಾರಣ "ಮೊದಲು" ಹುಟ್ಟಿದ ದಿನದಿಂದ. ಊರಿನವರು ಏನು ಹೇಳುತ್ತಾರೆ? "ಮೂರು ವರ್ಷದಿಂದ ಹಿಂಗೇ ಇದೆ ಮೇಡಂ." ನೋವು ದೊಡ್ಡದು ಅಂತ ತೋರಿಸಲು ಹೇಳುವ ಮಾತು ಅದು. ಯೋಚಿಸದೆ ಅರ್ಜಿಯ ಮೊದಲ ಪ್ಯಾರಾದಲ್ಲೇ ಬರೆದರೆ ಎದುರಿನ ವಕೀಲರಿಗೆ ಬೇರೆ ಕೆಲಸವೇ ಇರುವುದಿಲ್ಲ. ಸುಳ್ಳು ಬರೆಯಿರಿ ಅಂತ ಅಲ್ಲ. ಮೂರು ವರ್ಷದ ಹಾನಿಗೆ ಕಲಂ 15 ಇದೆ. ಪರಿಹಾರ ಕೊಡಿಸಿ, ಕೆರೆಯನ್ನು ಮೊದಲಿನಂತೆ ಮಾಡಿಸಿ ಅಂತ ಕೇಳಲು ಅಲ್ಲಿ 5 ವರ್ಷ ಸಿಗುತ್ತದೆ. ಯಾವ ಕಲಂ ಅನ್ನುವುದನ್ನು ತಾರೀಖು ನೋಡಿ ಆರಿಸಬೇಕು.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಒಂದು ಯೋಜನೆಗೆ ಸಿಕ್ಕ ಪರಿಸರ ಅನುಮತಿ ಪ್ರಶ್ನಿಸಿ ಮೇಲ್ಮನವಿ ಹಾಕಬೇಕಿತ್ತು. ಅದಕ್ಕೆ ಕಲಂ 16ರಲ್ಲಿ 30 ದಿನ, ಕಾರಣ ತೋರಿಸಿದರೆ ಮತ್ತೆ 60. ಊರಿನವರು ಜೆಸಿಬಿ ಬಂದ ದಿನದಿಂದ ಎಣಿಸಿದ್ದರು. ನಾನೂ ಹಾಗೇ ಎಣಿಸಿದೆ. ಅನುಮತಿ ಪತ್ರ ಅದಕ್ಕೂ ಮೊದಲೇ ವೆಬ್‌ಸೈಟಿನಲ್ಲಿ ಬಂದಿತ್ತು. ನಾವು ಹಾಕಿದ್ದು 94ನೇ ದಿನ. 90 ದಾಟಿದರೆ ಮನ್ನಾ ಮಾಡುವ ಅಧಿಕಾರ ನ್ಯಾಯಮಂಡಳಿಗೂ ಇಲ್ಲ. ಅಂದಿನಿಂದ ಪ್ರತಿ ಫೈಲಿನ ಮೇಲೆ ಕೆಂಪು ಪೆನ್ನಲ್ಲಿ ಕೊನೇ ತಾರೀಖು ಬರೆಯುತ್ತೇನೆ.

ಇನ್ನು ಆ ಬಾಟಲಿ. ಅದನ್ನು ಪಕ್ಕಕ್ಕಿಡಿ. ಜ್ಯೂಸ್ ಬಾಟಲಿಯಲ್ಲಿ ಬಸ್ಸಿನ ಬಿಸಿಲಲ್ಲಿ ಬಂದ ನೀರಿನ ಪರೀಕ್ಷೆಯನ್ನು ಯಾರೂ ನಂಬುವುದಿಲ್ಲ. ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿನವರನ್ನೇ ಸ್ಥಳಕ್ಕೆ ಕರೆಸಿ. ಅವರು ಮಾದರಿಯನ್ನು ಐಸ್ ಪೆಟ್ಟಿಗೆಯಲ್ಲಿ ಒಯ್ಯುತ್ತಾರೆ. ಇಷ್ಟಾದರೂ ಫ್ಯಾಕ್ಟರಿಯ ಪೈಪಿನ ನೀರಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾದರಿಯೇ ಬೇಕು. ಜಲ ಕಾಯ್ದೆ 1974ರ ಕಲಂ 21 ಹೇಳುವ ಪ್ರಕಾರ ಅಧಿಕಾರಿ ಅಲ್ಲೇ ನೋಟಿಸ್ ಕೊಡಬೇಕು, ಮಾದರಿಯನ್ನು ಎರಡು ಭಾಗ ಮಾಡಬೇಕು, ಸೀಲ್ ಹಾಕಿ ಅಧಿಕಾರಿ, ಫ್ಯಾಕ್ಟರಿಯವರು ಇಬ್ಬರೂ ಸಹಿ ಮಾಡಬೇಕು. ಈ ಕ್ರಮ ತಪ್ಪಿದರೆ ವರದಿ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ಹಾಗಾಗಿ ಮಂಡಳಿಗೆ ಲಿಖಿತ ದೂರು ಕೊಟ್ಟು ಮಾದರಿ ತೆಗೆಯಲು ಕೇಳಿ. ಮುದ್ರೆ ಬಿದ್ದ ಪ್ರತಿ ಇಟ್ಟುಕೊಳ್ಳಿ. ವರದಿಯಲ್ಲಿ ಬಿಒಡಿ ನೋಡಲು ಕಲಿಯಿರಿ. ನೀರಿನ ಕೊಳೆಯನ್ನು ಒಡೆಯಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ ಅದು. ಕೆರೆ ಹೊಳೆಗೆ ಬಿಡುವ ತ್ಯಾಜ್ಯ ನೀರಿಗೆ ಸಾಮಾನ್ಯ ಮಿತಿ ಲೀಟರಿಗೆ 30 ಮಿಲಿಗ್ರಾಂ.

ಅದೇ ದಿನ ಒಂದು ಆರ್‌ಟಿಐ ಅರ್ಜಿಯನ್ನೂ ಹಾಕಿ. ಫ್ಯಾಕ್ಟರಿಗೆ ಮಂಡಳಿ ಕೊಟ್ಟ ಕನ್ಸೆಂಟ್ (ಒಪ್ಪಿಗೆ ಪತ್ರ) ಪ್ರತಿ, ತಪಾಸಣಾ ವರದಿಗಳು ಬೇಕು ಅಂತ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ಉತ್ತರಕ್ಕೆ 30 ದಿನ ಕಾಯಬೇಕು, ಆದರೆ ನಿಮ್ಮ ಗಡುವು ಕಾಯುವುದಿಲ್ಲ. ನ್ಯಾಯಮಂಡಳಿಯ ಅರ್ಜಿ ಸಿದ್ಧ ಮಾಡುತ್ತಾ ಇರಿ.

ಎಲ್ಲಿ ಹಾಕಬೇಕು? ಕರ್ನಾಟಕಕ್ಕೆ ಚೆನ್ನೈನ ದಕ್ಷಿಣ ವಲಯ ಪೀಠ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ಆದರೆ ನ್ಯಾಯಮಂಡಳಿ ವಿಚಾರಿಸಬಹುದಾದ ಕಾಯ್ದೆಗಳ ಪಟ್ಟಿಯಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972 ಇಲ್ಲ, ನಮ್ಮ 1976ರ ಮರಗಳ ಕಾಯ್ದೆಯೂ ಇಲ್ಲ. ಬರೀ ಅವೆರಡರ ಉಲ್ಲಂಘನೆ ಅಂದರೆ ಹೈಕೋರ್ಟಿನಲ್ಲಿ ರಿಟ್ ಹಾಕಬೇಕು. ಹಳೇ ತೀರ್ಪುಗಳ ಬಗ್ಗೆಯೂ ಹುಷಾರು. ಬೆಂಗಳೂರಿನ ಕೆರೆ ಸುತ್ತ 75 ಮೀಟರ್ ಬಿಡಬೇಕು ಅಂತ 2016ರಲ್ಲಿ ಹಸಿರು ನ್ಯಾಯಮಂಡಳಿಯಿಂದ ಬಂದ ಆದೇಶವನ್ನು ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ರದ್ದು ಮಾಡಿತು. ಇವತ್ತಿಗೂ ಅದನ್ನೇ ಪ್ರಿಂಟ್ ತೆಗೆದು ತರುವವರಿದ್ದಾರೆ.

ಈ ವಕೀಲಿಕೆಗೆ ಬರುವವರಿಗೆ ಓದಿನ ವಿಷಯ ಜಾಸ್ತಿ ಹೇಳುವುದಿಲ್ಲ. ಎಲ್‌ಎಲ್‌ಬಿ, ವಕೀಲರ ಪರಿಷತ್ತಿನಲ್ಲಿ ನೋಂದಣಿ, ಆಮೇಲೆ ವಕೀಲರಿಗಿರುವ ಅಖಿಲ ಭಾರತ ಪರೀಕ್ಷೆ ಎಐಬಿಇ. ಇಷ್ಟವಿದ್ದರೆ ನಾಗರಭಾವಿಯ ಲಾ ಸ್ಕೂಲಿನ ಪರಿಸರ ಕಾನೂನು ಡಿಪ್ಲೊಮಾ. ಮೊದಲ ಐದು ವರ್ಷ ಸಿವಿಲ್ ಕೇಸುಗಳನ್ನೂ ಮಾಡಿ. ಬರೀ ಪರಿಸರ ಅಂತ ಕೂತರೆ ಬಾಡಿಗೆ ಕಟ್ಟಲು ಆಗಲ್ಲ. ಜೊತೆಗೆ, ಸಿವಿಲ್ ಕೋರ್ಟಿನಲ್ಲೇ ಪಹಣಿ, ಗ್ರಾಮ ನಕಾಶೆ ಓದುವುದು ಬರುತ್ತದೆ. ಕೆರೆ ಕೇಸಿನಲ್ಲಿ ಅರ್ಧ ಜಗಳ ಸರ್ವೆ ನಂಬರಿನದೇ ಅಲ್ವಾ?

ಚೆನ್ನೈಗೆ ಹೋಗುವ ಈ ಕಾಗದ ಎಲ್ಲಾ ಇಂಗ್ಲಿಷಿಗೆ ಅನುವಾದ ಆಗಬೇಕು. ಅದನ್ನು ಸುಮ್ನೆ ಯಾರಿಗೋ ಕೊಟ್ಟುಬಿಡಬೇಡಿ. ಒಮ್ಮೆ ನಮ್ಮ ಪಹಣಿಯಲ್ಲಿದ್ದ "ಬಿ ಖರಾಬು" ಅನ್ನುವುದನ್ನು ಅನುವಾದಕರು "ಕೆಟ್ಟ ಜಮೀನು" ಅಂತ ಇಂಗ್ಲಿಷಿಗೆ ಇಳಿಸಿದ್ದರು. ಸಾರ್ವಜನಿಕರಿಗೆ ಮೀಸಲಾದ ಜಾಗ ಅದು. ಎದುರಿನ ವಕೀಲರು ಎದ್ದು ನಿಂತು, "ಕೆಟ್ಟ ಜಮೀನು ಅಂತ ಅರ್ಜಿದಾರರೇ ಹೇಳುತ್ತಿದ್ದಾರಲ್ಲ" ಅಂದರು. ಪೀಠದವರು ನಕ್ಕರು. ನಾನು ಹೊಸ ಅನುವಾದಕ್ಕೆ ಮೂರು ವಾರ ಕೇಳಿದೆ.